ಒಂದು ಕಿಲೋಗ್ರಾಮಿನ ಅಂತರ: ಗುರುರಾಜ ಪೂಜಾರಿಯವರ ಅಂತರರಾಷ್ಟ್ರೀಯ ಸ್ಪರ್ಧಾಜೀವನ

ಕ್ರೀಡಾಪಟುವಿನ ಸಾಧನೆಯನ್ನು ಪದಕದ ಲೋಹದಿಂದ ಅಳೆಯುವುದು ಲೋಕರೂಢಿ. ಒಂದು ಕೂಟದಲ್ಲಿ ಬೆಳ್ಳಿಯನ್ನು ಪಡೆದವನು ಮುಂದಿನ ಕೂಟದಲ್ಲಿ ಕಂಚನ್ನು ಪಡೆದರೆ ಅವನು ಹಿಂದೆ ಬಿದ್ದನೆಂದೇ ನಾವು ತೀರ್ಮಾನಿಸುತ್ತೇವೆ. ಭಾರ ಎತ್ತುವ ಸ್ಪರ್ಧೆಯ ಮಟ್ಟಿಗೆ ಈ ಅಳತೆ ಎಷ್ಟು ಅಪೂರ್ಣವಾದುದೆಂಬುದಕ್ಕೆ ಕರ್ನಾಟಕದ ಗುರುರಾಜ ಪೂಜಾರಿಯವರ ಸ್ಪರ್ಧಾಜೀವನವು ಒಳ್ಳೆಯ ನಿದರ್ಶನ. ಅವರು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿಯನ್ನೂ 2022ರ ಕೂಟದಲ್ಲಿ ಕಂಚನ್ನೂ ಪಡೆದರು. ಈ ಎರಡು ಪದಕಗಳ ಹಿಂದಿರುವ ಅಂಕಿಗಳನ್ನು ಕ್ರಮವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಗುರುರಾಜರು ಉಡುಪಿ ಜಿಲ್ಲೆಯ ವಂಡ್ಸೆಯವರು. ವಾಹನ ಚಾಲಕರೊಬ್ಬರ ಮಗ. 2008ರ ಒಲಿಂಪಿಕ್ಸಿನಲ್ಲಿ ಸುಶೀಲ್ ಕುಮಾರರು ಕುಸ್ತಿಯಲ್ಲಿ ಪದಕ ಗೆದ್ದುದನ್ನು ಕಂಡು ತಾವೂ ಕುಸ್ತಿಪಟುವಾಗಬೇಕೆಂದು ಹಂಬಲಿಸಿದವರು. ಆ ಹಂಬಲದ ದಿಕ್ಕು ಬದಲಾದುದು ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜಿನಲ್ಲಿ. ನಮ್ಮ ಕಾಫಿ ಸೀಮೆಯ ಓದುಗರಿಗೆ ಉಜಿರೆ ಅಪರಿಚಿತವಾದ ಊರಲ್ಲ. ಹೇಮಾವತಿ ಹುಟ್ಟುವ ಜಾವಳಿಯಿಂದ ಕೊಟ್ಟಿಗೆಹಾರಕ್ಕೆ ಬಂದು ಚಾರ್ಮಾಡಿ ಘಾಟಿಯನ್ನಿಳಿದರೆ ಸಿಗುವ ಊರು ಅದು. ಅಲ್ಲಿಯ ತರಬೇತುದಾರ ರಾಜೇಂದ್ರ ಪ್ರಸಾದರು ಈ ವಿದ್ಯಾರ್ಥಿಯ ಮೈಕಟ್ಟನ್ನು ಗಮನಿಸಿ, ಅವನನ್ನು ಕುಸ್ತಿಯಿಂದ ಭಾರ ಎತ್ತುವ ಕಡೆಗೆ ತಿರುಗಿಸಿದರು. ಇದು 2010ರ ಮಾತು. ಮುಂದೆ ಗುರುರಾಜರಿಗೆ ಭಾರತೀಯ ವಾಯುಪಡೆಯಲ್ಲಿ ಉದ್ಯೋಗ ದೊರೆಯಿತು.

ಅಂಕಿಗಳ ಅರ್ಥ ತಿಳಿಯಬೇಕಾದರೆ ಸ್ಪರ್ಧೆಯ ಕ್ರಮವನ್ನು ಮೊದಲು ತಿಳಿಯಬೇಕು. ಸ್ಪರ್ಧಿಗಳನ್ನು ದೇಹತೂಕಕ್ಕನುಸಾರವಾಗಿ ವರ್ಗಗಳಲ್ಲಿ ವಿಂಗಡಿಸಲಾಗುತ್ತದೆ. ಎತ್ತುವ ವಿಧಾನಗಳು ಎರಡು. ಸರಳನ್ನು ನೆಲದಿಂದ ಒಂದೇ ಚಲನೆಯಲ್ಲಿ ತಲೆಯ ಮೇಲಕ್ಕೆ ಒಯ್ಯುವುದು ಸ್ನ್ಯಾಚ್. ಮೊದಲು ಭುಜದವರೆಗೆ ತಂದು, ಅಲ್ಲಿಂದ ಮತ್ತೊಂದು ನೂಕಿನಿಂದ ತಲೆಯ ಮೇಲಕ್ಕೆ ಒಯ್ಯುವುದು ಕ್ಲೀನ್ ಅಂಡ್ ಜರ್ಕ್. ಪ್ರತಿಯೊಂದರಲ್ಲಿಯೂ ಮೂರು ಪ್ರಯತ್ನಗಳಿಗೆ ಅವಕಾಶವಿದೆ. ಎರಡರಲ್ಲಿ ಎತ್ತಿದ ಗರಿಷ್ಠ ಭಾರಗಳ ಮೊತ್ತವೇ ಸ್ಪರ್ಧಿಯ ಫಲ. ಯಾವುದಾದರೂ ಒಂದು ವಿಧಾನದ ಮೂರೂ ಪ್ರಯತ್ನಗಳು ವಿಫಲವಾದರೆ ಮೊತ್ತವೇ ಇಲ್ಲ. ಸರಳಿನ ಭಾರವು ಏರುತ್ತಲೇ ಹೋಗುತ್ತದೆಯೇ ಹೊರತು ಇಳಿಯುವುದಿಲ್ಲ. ಕಡಿಮೆ ಭಾರವನ್ನು ಕೇಳಿದವನು ಮೊದಲು ಎತ್ತಬೇಕು, ಹೆಚ್ಚು ಕೇಳಿದವನು ಕಾಯಬೇಕು. ಆದುದರಿಂದ ಕಡೆಯಲ್ಲಿ ಎತ್ತುವವನಿಗೆ ತನಗೆ ಎಷ್ಟು ಬೇಕೆಂಬುದು ನಿಖರವಾಗಿ ತಿಳಿದಿರುತ್ತದೆ. ಇಲ್ಲಿ ತೋಳಿನ ಬಲದೊಡನೆ ಲೆಕ್ಕದ ಬಲವೂ ಸೇರಿದೆ.

ಈ ಲೆಕ್ಕದ ಸ್ವರೂಪ ಹಿಂದೆ ಬೇರೆಯಾಗಿತ್ತು. 2005ಕ್ಕೆ ಮೊದಲು ಸರಳಿನ ಭಾರವನ್ನು ಎರಡೂವರೆ ಕಿಲೋಗ್ರಾಮಿನ ಮೆಟ್ಟಿಲುಗಳಲ್ಲಿ ಏರಿಸುತ್ತಿದ್ದರು. ಹೀಗಾಗಿ ಸ್ಪರ್ಧಿಗಳ ಮೊತ್ತಗಳು ಸಮನಾಗುವುದು ಅಪರೂಪವಾಗಿರಲಿಲ್ಲ. ಸಮನಾದಾಗ ದೇಹತೂಕ ಕಡಿಮೆಯಿದ್ದವರಿಗೆ ಗೆಲುವು. ಮಹಿಳೆಯರ ಭಾರ ಎತ್ತುವಿಕೆಯು ಒಲಿಂಪಿಕ್ಸನ್ನು ಮೊದಲ ಬಾರಿಗೆ ಪ್ರವೇಶಿಸಿದ 2000ದ ಸಿಡ್ನಿ ಕೂಟದಲ್ಲಿ, 69 ಕಿಲೋ ವರ್ಗದ ಚಿನ್ನ ಮತ್ತು ಬೆಳ್ಳಿ ಪಡೆದವರಿಬ್ಬರ ಮೊತ್ತವೂ 242.5 ಕಿಲೋ ಆಗಿತ್ತು. ನಮ್ಮ ಕರ್ಣಂ ಮಲ್ಲೇಶ್ವರಿಯವರು 240 ಕಿಲೋ ಎತ್ತಿ, ಅಂದರೆ ಒಂದೇ ಮೆಟ್ಟಿಲು ಕೆಳಗೆ ನಿಂತು, ಕಂಚನ್ನು ಪಡೆದರು. 2004ರ ಅಥೆನ್ಸ್ ಕೂಟದ 63 ಕಿಲೋ ವರ್ಗದಲ್ಲಿ ಉಕ್ರೇನಿನ ನತಾಲಿಯಾ ಸ್ಕಾಕುನ್ ಮತ್ತು ಬೆಲಾರೂಸಿನ ಹಾನ್ನಾ ಬತ್ಸಿಯೂಷ್ಕಾ ಇಬ್ಬರೂ 242.5 ಕಿಲೋ ಎತ್ತಿದರು. ಬತ್ಸಿಯೂಷ್ಕಾ ಸ್ನ್ಯಾಚಿನಲ್ಲಿ 115 ಕಿಲೋ ಎತ್ತಿ ವಿಶ್ವದಾಖಲೆಯನ್ನು ಸ್ಥಾಪಿಸಿದ್ದರೂ, ದೇಹತೂಕ ಕಡಿಮೆಯಿದ್ದ ಸ್ಕಾಕುನ್‌ಗೆ ಚಿನ್ನ ದೊರೆಯಿತು. 2005ರಲ್ಲಿ ಮೆಟ್ಟಿಲು ಒಂದು ಕಿಲೋಗ್ರಾಮಿಗೆ ಇಳಿಯಿತು. ದೇಹತೂಕದ ನಿಯಮವೂ ಮುಂದೆ ಹೋಗಿ, ಸಮನಾದ ಮೊತ್ತವನ್ನು ಮೊದಲು ಮುಟ್ಟಿದವರಿಗೆ ಮೇಲಿನ ಸ್ಥಾನವೆಂಬ ನಿಯಮ ಬಂದಿತು. ಅಂದಿನಿಂದ ಒಂದು ಕಿಲೋಗ್ರಾಮು ಒಬ್ಬನ ಭವಿಷ್ಯವನ್ನು ನಿರ್ಣಯಿಸಬಲ್ಲದಾಯಿತು.

ಈಗ ಗುರುರಾಜರ ಅಂಕಿಗಳಿಗೆ ಬರೋಣ. 2016ರಲ್ಲಿ ಮಲೇಷ್ಯಾದ ಪೆನಾಂಗಿನಲ್ಲಿ ನಡೆದ ಕಾಮನ್‌ವೆಲ್ತ್ ಚಾಂಪಿಯನ್‌ಷಿಪ್‌ನಲ್ಲಿ ಅವರು 56 ಕಿಲೋ ವರ್ಗದಲ್ಲಿ 249 ಕಿಲೋ ಎತ್ತಿ ಚಿನ್ನ ಗೆದ್ದರು. 2018ರ ಏಪ್ರಿಲ್ 5ರಂದು ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟಿನಲ್ಲಿ ಅವರ ಮೊತ್ತ ಪುನಃ 249: ಸ್ನ್ಯಾಚಿನಲ್ಲಿ 111, ಕ್ಲೀನ್ ಅಂಡ್ ಜರ್ಕಿನಲ್ಲಿ 138. ಅದೇ ಮೊತ್ತಕ್ಕೆ ಈ ಸಲ ದೊರೆತುದು ಬೆಳ್ಳಿ. ಮಲೇಷ್ಯಾದ ಇಜ್ಹಾರ್ ಅಹ್ಮದ್ 261 ಕಿಲೋ ಎತ್ತಿ ಮುಂದಿದ್ದರು. ಶ್ರೀಲಂಕೆಯ ಚತುರಂಗ ಲಕ್ಮಲ್ ಜಯಸೂರ್ಯರ ಮೊತ್ತ 248. ಬೆಳ್ಳಿಗೂ ಕಂಚಿಗೂ ನಡುವೆ ಇದ್ದುದು ಒಂದೇ ಕಿಲೋ. ಅದನ್ನು ತಂದುಕೊಟ್ಟ 138 ಕಿಲೋ ಬಂದುದು ಕೊನೆಯ ಪ್ರಯತ್ನದಲ್ಲಿ. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕವೂ ಅದೇ.

ಅದೇ ವರ್ಷದ ಕೊನೆಯಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯು ವರ್ಗಗಳನ್ನು ಮರುವಿಂಗಡಿಸಿತು. 56 ಕಿಲೋ ವರ್ಗವೇ ಇಲ್ಲವಾಯಿತು. ಓಟಗಾರನಿಗೆ ನೂರು ಮೀಟರಿನ ಓಟವೇ ರದ್ದಾದಂತೆ ಇದು. ಗುರುರಾಜರು 61 ಕಿಲೋ ವರ್ಗಕ್ಕೆ ಏರಿದರು. ಹೊರನೋಟಕ್ಕೆ ಐದು ಕಿಲೋಗಳ ವ್ಯತ್ಯಾಸ ಅಲ್ಪವೆನಿಸಬಹುದು. ಆದರೆ ಹೊಸ ವರ್ಗದ ಪ್ರತಿಸ್ಪರ್ಧಿಗಳು ಸ್ವಭಾವತಃ ದೊಡ್ಡ ಮೈಯವರು. ಅವರೊಡನೆ ಸಮನಾಗಲು ಕೇವಲ ತೂಕವಲ್ಲ, ಬಲವನ್ನು ಕೊಡುವ ಸ್ನಾಯುವನ್ನೇ ಬೆಳೆಸಿಕೊಳ್ಳಬೇಕು. ಅದು ತಿಂಗಳುಗಳ ಕೆಲಸವಲ್ಲ, ವರ್ಷಗಳ ಕೆಲಸ.

2022ರ ಜುಲೈ 30ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಆ ಕೆಲಸದ ಫಲ ಕಂಡಿತು. ಗುರುರಾಜರು ಸ್ನ್ಯಾಚಿನಲ್ಲಿ 118, ಕ್ಲೀನ್ ಅಂಡ್ ಜರ್ಕಿನಲ್ಲಿ 151, ಒಟ್ಟು 269 ಕಿಲೋ ಎತ್ತಿದರು. ನಮ್ಮ ಮಲೆನಾಡಿನಲ್ಲಿ ಕಾಫಿಯ ಧಾರಣೆಯನ್ನು 50 ಕಿಲೋ ಚೀಲದ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಅಂಥ ಮೂರು ಚೀಲಗಳಿಗೂ ಮೀರಿದ ಭಾರವನ್ನು, 61 ಕಿಲೋ ಮೀರದ ದೇಹದವರೊಬ್ಬರು ತಲೆಯ ಮೇಲೆ ಎತ್ತಿ ನಿಂತರೆಂದರೆ ಅದರ ಪ್ರಮಾಣ ನಮಗೆ ಸ್ಪಷ್ಟವಾದೀತು. ಮಲೇಷ್ಯಾದ ಅಜ್ನಿಲ್ ಬಿದಿನ್ 285 ಕಿಲೋ, ಪಪುವಾ ನ್ಯೂಗಿನಿಯ ಮೊರಿಯಾ ಬರು 273 ಕಿಲೋ ಎತ್ತಿ ಮೊದಲೆರಡು ಸ್ಥಾನ ಪಡೆದರು. ನಾಲ್ಕನೆಯವರಾದ ಕೆನಡಾದ ಯೂರಿ ಸಿಮಾರ್ಡರ ಮೊತ್ತ 268. ಮತ್ತೆ ಒಂದೇ ಕಿಲೋ! ಈ ಅಂತರವು ಎಲ್ಲರಿಗೂ ಒಲಿಯುವುದಿಲ್ಲವೆಂಬುದೂ ಅದೇ ದಿನ ಕಂಡುಬಂದಿತು: 55 ಕಿಲೋ ವರ್ಗದಲ್ಲಿ ಭಾರತದ ಸಂಕೇತ್ ಸರ್ಗರ್ 248 ಕಿಲೋ ಎತ್ತಿ, 249 ಎತ್ತಿದ ಮಲೇಷ್ಯಾದ ಸ್ಪರ್ಧಿಗೆ ಚಿನ್ನವನ್ನು ಬಿಟ್ಟುಕೊಡಬೇಕಾಯಿತು.

ಹಾಗಾದರೆ ಬೆಳ್ಳಿಯಿಂದ ಕಂಚಿಗೆ ಬಂದುದು ಇಳಿತವೇ? ನಾಲ್ಕು ವರ್ಷಗಳಲ್ಲಿ ಗುರುರಾಜರ ಮೊತ್ತ ಇಪ್ಪತ್ತು ಕಿಲೋ ಏರಿತ್ತು. ಕಾಮನ್‌ವೆಲ್ತ್ ಕೂಟದ ಮಟ್ಟವು ವಿಶ್ವದ ಅತ್ಯುನ್ನತ ಮಟ್ಟವಲ್ಲವೆಂಬುದನ್ನು ಮರೆಯಬಾರದು. ಚೀನದಂತಹ ಪ್ರಬಲ ದೇಶಗಳು ಅಲ್ಲಿ ಸ್ಪರ್ಧಿಸುವುದಿಲ್ಲ. ಆದುದರಿಂದ ಒಲಿಂಪಿಕ್ಸಿನ ಅಳತೆಗೋಲನ್ನೂ ಹಿಡಿದು ನೋಡೋಣ. 2016ರ ರಿಯೊ ಕೂಟದಲ್ಲಿ 56 ಕಿಲೋ ವರ್ಗದ ವಿಜೇತ ಚೀನದ ಲಾಂಗ್ ಚಿಂಗ್‌ಚ್ವಾನ್ ಎತ್ತಿದುದು 307 ಕಿಲೋ; ಗುರುರಾಜರ 249ಕ್ಕೂ ಅದಕ್ಕೂ ಅಂತರ 58. 2021ರಲ್ಲಿ ಟೋಕಿಯೊದಲ್ಲಿ 61 ಕಿಲೋ ವರ್ಗದ ವಿಜೇತ ಲಿ ಫಾಬಿನ್ ಎತ್ತಿದುದು 313; ಗುರುರಾಜರ 269ಕ್ಕೂ ಅದಕ್ಕೂ ಅಂತರ 44. ಪದಕದ ಬಣ್ಣ ಇಳಿಯಿತು. ಶಿಖರಕ್ಕಿದ್ದ ದೂರ ಕಡಿಮೆಯಾಯಿತು. ಇವೆರಡರಲ್ಲಿ ಎರಡನೆಯದೇ ಸಾಧಕನ ನಿಜವಾದ ಬೆಳವಣಿಗೆಯನ್ನು ಹೇಳುತ್ತದೆಂದು ನಮ್ಮ ಅಭಿಪ್ರಾಯ. ಪದಕವು ಆ ದಿನ ಎದುರಿಗಿದ್ದವರು ಯಾರೆಂಬುದನ್ನೂ ಅವಲಂಬಿಸಿರುತ್ತದೆ. ಎತ್ತಿದ ಭಾರವಾದರೋ ಎತ್ತಿದವನದೇ.

2025ರ ಜೂನಿನಲ್ಲಿ ವರ್ಗಗಳು ಇನ್ನೊಮ್ಮೆ ಬದಲಾಗಿ 61 ಕಿಲೋ ವರ್ಗವೂ ಮರೆಯಾಯಿತು. ಗುರುರಾಜರು ಪದಕ ಗೆದ್ದ ಎರಡು ವರ್ಗಗಳೂ ಹೀಗೆ ಇಂದು ದಾಖಲೆಗಳಲ್ಲಿ ಮಾತ್ರ ಉಳಿದಿವೆ. ಕಾಲೇಜು ಅಧ್ಯಾಪಕರಾದ ನಾವು ಇದರಿಂದ ಗ್ರಹಿಸಬೇಕಾದ ಸಂಗತಿಯೊಂದಿದೆ. ಕೊನೆಯ ಪ್ರಯತ್ನದಲ್ಲಿ ದೊರೆತ ಆ ಒಂದು ಕಿಲೋ ಆ ದಿನ ಹುಟ್ಟಿದುದಲ್ಲ. ಕುಸ್ತಿಯ ಕನಸಿನಿಂದ ಬಂದ ವಿದ್ಯಾರ್ಥಿಯೊಬ್ಬನನ್ನು ಕಾಲೇಜಿನ ವ್ಯಾಯಾಮಶಾಲೆಯಲ್ಲಿ ಒಬ್ಬರು ಸರಿಯಾಗಿ ಗುರುತಿಸಿದಂದು ಅದರ ಬೀಜ ಬಿದ್ದಿತ್ತು. ಘಾಟಿಯ ಮೇಲಿನ ನಮ್ಮ ಕಾಲೇಜುಗಳಲ್ಲಿಯೂ ಅಂಥ ಹುಡುಗರು ಮತ್ತು ಹುಡುಗಿಯರು ಇಲ್ಲದಿಲ್ಲ. ಅವರನ್ನು ಗುರುತಿಸುವ ಕಣ್ಣು, ಗುರುತಿಸಿದ ಮೇಲೆ ವರ್ಷಗಟ್ಟಲೆ ಕಾಯುವ ತಾಳ್ಮೆ, ಇವು ನಮ್ಮಲ್ಲಿರಬೇಕಾದುದು ಅಗತ್ಯ.