ಎರಡು ಪೇಟಿ, ಒಂದು ತಬಲಾ: ಪೀರ್ ಡಿಪೆಂಡೆನ್ಸಿ ಜಗಳ ಬಿಡಿಸೋದು ಹೆಂಗ?

'ಎನ್‌ಪಿಎಂ ಇನ್‌ಸ್ಟಾಲ್' ಹೊಡೆದ ಕೂಡಲೇ ಪರದೆ ತುಂಬ ಎರರ್, ನಡುವೆ 'ಇ-ರಿಸಾಲ್ವ್' ಅನ್ನೋ ಪದ. ಹಾಟ್‌ಸ್ಪಾಟ್ ಮೇಲೆ ಕಾಲೇಜ್ ಪ್ರಾಜೆಕ್ಟ್ ಮಾಡೋ ಹುಡುಗ್ರು ಆಗ ಏನ್ ಮಾಡ್ತಾರ? ನೋಡ್ ಮಾಡ್ಯೂಲ್ಸ್ ಅಳಿಸ್ತಾರ, ಜೊತೆಗೆ ಲಾಕ್ ಫೈಲೂ ಅಳಿಸ್ತಾರ, ಮತ್ತ ಇನ್‌ಸ್ಟಾಲ್. ಡೇಟಾ ಹೋಗತೈತಿ, ಹೊಸ ಆವೃತ್ತಿಗಳು ಒಳಗೆ ಬಂದು ಗಂಟು ಇನ್ನೂ ಬಿಗಿಯಾಗತೈತಿ. ಅಳಿಸೋ ಮೊದಲು ಎರರ್ ಓದ್ರಿ ಅನ್ನೋದೇ ಇವತ್ತಿನ ಮಾತು.

ಬೈಲಹೊಂಗಲ, ಸವದತ್ತಿ ಕಡೆ ಭಜನಿ ಕೇಳಿದವರಿಗೆ ಇದು ಲಗೂನ ತಿಳೀತದ. ತಬಲಾದವರು ಪೇಟಿ ಹೊತ್ತು ತರೋದಿಲ್ಲ. ಅಲ್ಲಿರೋ ಪೇಟಿಯ ಸುರಕ್ಕೇ ತಬಲಾ ಕೂಡಿಸ್ತಾರ. ಪೀರ್ ಡಿಪೆಂಡೆನ್ಸಿ ಅಂದ್ರ ಅದೇ. 'ರಿಯಾಕ್ಟ್ ನಾನು ತರೋದಿಲ್ಲ, ನಿನ್ನ ಹತ್ರ ಇರೋದನ್ನೇ ಬಳಸ್ತೀನಿ, ಆದರ ಅದು 18 ಇರಬೇಕು' ಅಂತ ಲೈಬ್ರರಿ ಹೇಳತೈತಿ. ನಿಮ್ಮ ಹತ್ರ 19 ಇದ್ರ ಜಗಳ.

ಹಳೆಯ ಯೂಟ್ಯೂಬ್ ಪಾಠದಲ್ಲಿ ಈ ಜಗಳ ಯಾಕ ಕಾಣೋದಿಲ್ಲ? 2015ರಲ್ಲಿ ಬಂದ ಎನ್‌ಪಿಎಂ 3ರಿಂದ 6ರವರೆಗೆ ಬರೀ ಎಚ್ಚರಿಕೆ ಕೊಟ್ಟು ಮುಂದೆ ಹೋಗತಿತ್ತು. 2020ರ ಅಕ್ಟೋಬರ್‌ನ 7ನೇ ಆವೃತ್ತಿ ಪೀರ್‌ಗಳನ್ನು ತಾನೇ ಇನ್‌ಸ್ಟಾಲ್ ಮಾಡೋಕೆ ಶುರು ಮಾಡಿತು. ಹೊಂದದಿದ್ರ ನಿಂತೇಬಿಡತೈತಿ.

ಎರರ್‌ನಲ್ಲಿ ಎರಡು ಕಡೆ ನೋಡಿದ್ರ ಸಾಕು. 'ಫೌಂಡ್' ಅನ್ನೋ ಸಾಲಿನಾಗ ನಿಮ್ಮ ಹತ್ರ ಏನೈತಿ ಅಂತ ಇರತೈತಿ. ಅದರ ಕೆಳಗೆ 'ಪೀರ್' ಅಂತ ಶುರುವಾಗೋ ಸಾಲು ಯಾರು, ಯಾವ ಆವೃತ್ತಿ ಕೇಳ್ತಾ ಇದ್ದಾರ ಅನ್ನೋದನ್ನ ಹೇಳತೈತಿ. ಆ ಲೈಬ್ರರಿಯ ಹೆಸರು ಹಿಡ್ಕೊಂಡು 'ಎನ್‌ಪಿಎಂ ವ್ಯೂ', ಹೆಸರು, 'ಪೀರ್‌ಡಿಪೆಂಡೆನ್ಸೀಸ್' ಅಂತ ಹೊಡೀರಿ. ಅದರ ಹೊಸ ಆವೃತ್ತಿ ಏನ್ ಕೇಳತೈತಿ ಅಂತ ಇನ್‌ಸ್ಟಾಲ್ ಮಾಡದೇ ತಿಳೀತದ. ನನ್ನ ಪ್ರಕಾರ ಡೇಟಾ ಉಳಿಸೋರಿಗೆ ಇದಕ್ಕಿಂತ ಒಳ್ಳೆ ಕಮಾಂಡ್ ಇಲ್ಲ.

2024ರ ಅಕ್ಟೋಬರ್‌ನಾಗ ಒಂದು ವಿಚಿತ್ರ ಆಯ್ತು. ನೆಕ್ಸ್ಟ್ ಜೆಎಸ್ 15ರ ಜೊತೆ ರಿಯಾಕ್ಟ್ 19ರ ಆರ್‌ಸಿ, ಅಂದ್ರ ಇನ್ನೂ ಅಂತಿಮ ಆಗದ ಪ್ರತಿ ಬಂತು. '18 ಅಥವಾ ಅದಕ್ಕಿಂತ ಮೇಲಿಂದು' ಅಂತ ಬರೆದಿದ್ದ ಲೈಬ್ರರಿಗಳೂ ತಕರಾರು ತೆಗೆದವು. 19 ದೊಡ್ಡದಲ್ಲೇನ್ರಿ? ದೊಡ್ಡದೇ. ಆದರೆ ಆರ್‌ಸಿಯಂಥ ಬಾಲ ಇರೋ ಪ್ರತಿಯನ್ನು ಹೆಸರು ಹಿಡಿದು ಕೇಳದಿದ್ರ ಎನ್‌ಪಿಎಂ ಲೆಕ್ಕಕ್ಕೇ ಹಿಡಿಯೋದಿಲ್ಲ. ಇಂಥಾ ಕಡೆ ಬಾಲ ಇಲ್ಲದ ಅಂತಿಮ ಪ್ರತಿ ಹಾಕ್ಕೊಂಡ್ರ ಆ ತಕರಾರು ಮುಗೀತು.

ಇನ್ನು ಎಲ್ಲಾರೂ ಹೇಳೋ 'ಲೆಗಸಿ ಪೀರ್ ಡೆಪ್ಸ್'. ಅದು ಹಳೇ ಕಾಲದಂಗ ಪೀರ್‌ಗಳನ್ನು ಕಣ್ಣೆತ್ತಿ ನೋಡೋದಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನಾಗ ಆ್ಯಪ್ ಓಡತೈತಿ, ಡೆಮೋ ದಿನ ಸರ್ವರ್‌ನಾಗ ಬಿಲ್ಡ್ ಬೀಳತೈತಿ, ಯಾಕಂದ್ರ ಆ ಫ್ಲ್ಯಾಗ್ ಅಲ್ಲಿ ಇಲ್ಲ. ಅನಿವಾರ್ಯ ಆದ್ರ ಅದನ್ನ ಪ್ರಾಜೆಕ್ಟ್‌ನ 'ಡಾಟ್ ಎನ್‌ಪಿಎಂಆರ್‌ಸಿ' ಫೈಲ್‌ನಾಗ ಬರೆದು ಕಮಿಟ್ ಮಾಡ್ರಿ. ಜೊತೆಗಿದ್ದವರಿಗೂ ಗೊತ್ತಾಗತೈತಿ.

ಇನ್‌ಸ್ಟಾಲ್ ಸುಸೂತ್ರ ಆಗಿ, ಬ್ರೌಸರ್‌ನಾಗ 'ಇನ್‌ವ್ಯಾಲಿಡ್ ಹುಕ್ ಕಾಲ್' ಬಂದ್ರ, ಒಂದೇ ಪ್ರಾಜೆಕ್ಟ್‌ನಾಗ ಎರಡು ರಿಯಾಕ್ಟ್ ಕುಂತಿರಬಹುದು. ಎರಡು ಪೇಟಿ, ಸುರ ಬ್ಯಾರೆ ಬ್ಯಾರೆ. 'ಎನ್‌ಪಿಎಂ ಎಲ್‌ಎಸ್ ರಿಯಾಕ್ಟ್' ಹೊಡೀರಿ, ಯಾರು ತಂದ್ರು ಅಂತ ಕಾಣತೈತಿ. ನೀವೇ ಬರೆದ ಲೈಬ್ರರಿಯನ್ನು 'ಎನ್‌ಪಿಎಂ ಲಿಂಕ್' ಮಾಡಿದ್ರ ಮೊದಲು ಅದರ ಸ್ವಂತ ನೋಡ್ ಮಾಡ್ಯೂಲ್ಸ್‌ನಾಗ ಹುಡುಕ್ರಿ. ಎರಡನೇ ಪೇಟಿ ಸಾಮಾನ್ಯವಾಗಿ ಅಲ್ಲೇ ಇರತೈತಿ.