ಇಲ್ಲದ ಸೀಲು, ಸೋರುವ ಎಣ್ಣೆ

ದ್ರವವೊಂದು ತಾನಿದ್ದ ಪಾತ್ರೆಯನ್ನು ಬಿಟ್ಟು ಹೊರಬರುವುದನ್ನು ಹೇಳಲು ಕನ್ನಡದಲ್ಲಿ ಕ್ರಿಯಾಪದಗಳಿಗೆ ಬಡತನವಿಲ್ಲ. ಒಸರುವುದು, ಜಿನುಗುವುದು, ತೊಟ್ಟಿಕ್ಕುವುದು, ಸೋರುವುದು: ಒಂದೊಂದಕ್ಕೂ ಅದರದೇ ಆದ ವೇಗವುಂಟು. ತರಗತಿಯಲ್ಲಿ ಈ ಅರ್ಥಭೇದವನ್ನು ವಿವರಿಸುವಾಗ ನಾನು ಮಡಕೆಯನ್ನೋ ಮಾಳಿಗೆಯನ್ನೋ ಉದಾಹರಿಸುತ್ತಿದ್ದೆ. ಈಚೆಗೆ ಮೋಟಾರಿನ ಎಂಜಿನ್ನನ್ನು ಉದಾಹರಿಸುತ್ತೇನೆ. ಈ ನಾಲ್ಕರಲ್ಲಿ ಯಾವುದು ನಡೆಯುತ್ತಿದೆ, ಎಲ್ಲಿಂದ ನಡೆಯುತ್ತಿದೆ ಎಂದು ನಿರ್ಣಯಿಸದೆ ಸ್ಪ್ಯಾನರಿಗೆ ಕೈ ಹಾಕಿದರೆ ಕರಗುವುದು ಗಾಡಿಯ ಒಡೆಯನ ಗಂಟು.

ತೋವಿನಕೆರೆಯಲ್ಲಿರುವ ನಮ್ಮಣ್ಣನ ಬಳಿ ಹಳೆಯ ಅಂಬಾಸಿಡರ್ ಕಾರೊಂದಿದೆ. ಹಿಂದುಸ್ಥಾನ್ ಮೋಟಾರ್ಸ್‌ನವರು ಉತ್ತರಪಾರದ ಕಾರ್ಖಾನೆಯಲ್ಲಿ ಇದರ ತಯಾರಿಕೆಯನ್ನು ನಿಲ್ಲಿಸಿದ್ದು 2014ರಲ್ಲಿ. ಆದರೂ ಮದುಮಕ್ಕಳನ್ನು ಕೂರಿಸಲು ಅದೇ ಬೇಕೆನ್ನುವವರು ನಮ್ಮ ಸೀಮೆಯಲ್ಲಿ ಇದ್ದಾರೆ. ಲಗ್ನದ ತಿಂಗಳುಗಳ ಆ ಬಾಡಿಗೆಯನ್ನೇ ಅಣ್ಣ ನೆಚ್ಚಿಕೊಂಡಿದ್ದಾನೆ. ಹೋದ ವರ್ಷ ಎಂಜಿನ್ನನ್ನು ಇಳಿಸಿ, ಬೋರು ಮಾಡಿಸಿ, ಹೊಸ ಪಿಸ್ಟನ್ನು, ಹೊಸ ರಿಂಗು ಹಾಕಿಸಿ ತಂದ. ಹದಿನೈದು ದಿನ ಕಳೆದಿರಲಿಲ್ಲ, ಕಾರು ನಿಂತಲ್ಲೆಲ್ಲ ಎಣ್ಣೆಯ ಮಡು. ಕೆಲಸ ಮಾಡಿದ ಗ್ಯಾರೇಜಿನವರು ಬಂದು ಬಗ್ಗಿ ನೋಡಿ, ಹಿಂದಿನ ಸೀಲು ಹೋಗಿದೆ, ಎಂಜಿನ್ನು ಮತ್ತೆ ಇಳಿಸಬೇಕು, ಕೂಲಿ ಬೇರೆ ಎಂದರು. ಎರಡು ಮದುವೆಗಳಿಗೆ ಮುಂಗಡ ಪಡೆದಾಗಿತ್ತು. ಬೋರಿಂಗಿಗೆ ತಂದ ಸಾಲ ಹಾಗೆಯೇ ಇತ್ತು.

ಕೊರಟಗೆರೆಯ ಕಡೆಯ ವೃದ್ಧ ಮೇಸ್ತ್ರಿಯೊಬ್ಬರು ಈ ಮಾತು ಕೇಳಿ ನಕ್ಕರು. "ಇಲ್ಲದ ಸೀಲು ಹೆಂಗೆ ಹೋಗ್ತೈತೆ, ಮೇಷ್ಟ್ರೇ?" ಎಂದರು. ಅವರೆಂದದ್ದು ಅಕ್ಷರಶಃ ನಿಜ. ಅಣ್ಣನ ಕಾರಿನಲ್ಲಿರುವುದು ಬ್ರಿಟನ್ನಿನ ಬಿ.ಎಂ.ಸಿ. ಸಂಸ್ಥೆಯ ವಿನ್ಯಾಸದ 1489 ಸಿ.ಸಿ. ಎಂಜಿನ್ನು. ಮುಂದೆ ಬಂದ ಇಸುಜು ಎಂಜಿನ್ನಿನ ಮಾತು ಬೇರೆ. ಈ ಹಳೆಯದರಲ್ಲಿ ಕ್ರ್ಯಾಂಕ್ ಶಾಫ್ಟಿನ ಹಿಂತುದಿಗೆ ರಬ್ಬರಿನ ಸೀಲೇ ಇಲ್ಲ. ಶಾಫ್ಟಿನ ಮೈಮೇಲೆ ತಿರುಪಿನಂತೆ ಸುರುಳಿಗೀರು ಕೊರೆದಿರುತ್ತಾರೆ. ಶಾಫ್ಟು ತಿರುಗುವಾಗ ಆ ಸುರುಳಿಯು ಹೊರಗೆ ಹೊರಟ ಎಣ್ಣೆಯನ್ನು ಒಳಕ್ಕೆ ಹಿಂದೂಡುತ್ತದೆ. ಸುರುಳಿಗೂ ಅದರ ಸುತ್ತಿನ ಲೋಹಕ್ಕೂ ನಡುವೆ ಸಣ್ಣ ಸಂದು ಇದ್ದೇ ಇರುತ್ತದೆ. ಎಂಜಿನ್ನಿನ ಒಡಲಲ್ಲಿ ಗಾಳಿಯ ಒತ್ತಡ ಏರಿತೆಂದರೆ ಎಣ್ಣೆ ಆ ಸಂದಿನಿಂದ ನುಗ್ಗಿಬರುತ್ತದೆ.

ಒಡಲಿಗೆ ಒತ್ತಡ ಎಲ್ಲಿಂದ ಬರಬೇಕು? ಪೂರ್ಣ ಭಾರದಲ್ಲಿ ಎಳೆಯುವ ಎಂಜಿನ್ನಿನ ಸಿಲಿಂಡರಿನೊಳಗೆ ಇಂಧನ ಉರಿದಾಗ ಹುಟ್ಟುವ ಒತ್ತಡ ಹೊರಗಿನ ವಾಯುಭಾರದ 30–40 ಪಟ್ಟು. ಅದರಲ್ಲಿ ಒಂದಂಶ ರಿಂಗುಗಳ ಸಂದಿನಿಂದ ನುಸುಳಿ ಕೆಳಗಿಳಿಯುತ್ತದೆ. ನಮ್ಮ ಮೇಸ್ತ್ರಿಗಳ ಬಾಯಲ್ಲಿ ಇದು 'ಬ್ಯಾಕ್ ಕಂಪ್ರೆಷನ್'. ಒಳ್ಳೆಯ ಎಂಜಿನ್ನಿನಲ್ಲಿಯೂ ಇದು ಕೊಂಚ ಉಂಟು. ಹೊಸ ರಿಂಗು ಸಿಲಿಂಡರಿನ ಗೋಡೆಗೆ ಇನ್ನೂ ಹೊಂದಿಕೊಳ್ಳದಿದ್ದಾಗ ಹೆಚ್ಚು. ಹಾಗೆ ಇಳಿದ ಹೊಗೆ ಬ್ರೀದರ್ ಕೊಳವೆಯಿಂದ ಹೊರಹೋಗಬೇಕು. ಆ ದಾರಿ ಕಟ್ಟಿದರೆ ಎಷ್ಟು ಹೊಸ ಪ್ಯಾಕಿಂಗ್ ಹಾಕಿಯೂ ಫಲವಿಲ್ಲ.

ಮೇಸ್ತ್ರಿ ಮೊದಲು ಮಾಡಿಸಿದ್ದು ಎಂಜಿನ್ನಿಗೆ ಸೀಮೆಎಣ್ಣೆಯ ಸ್ನಾನ. ಒರೆಸಿ ಒಣಗಿಸಿದ ಮೇಲೆ ಬಿಳಿಯ ಪುಡಿ ಬೇಕೆಂದರು. ಅದಕ್ಕೆ ನನ್ನ ಸೀಮೆಸುಣ್ಣ ಒದಗಿತು. (ಹಲಗೆಯ ಮೇಲೆ ಇಷ್ಟು ಸ್ಪಷ್ಟವಾಗಿ ಅದು ಎಂದೂ ಬರೆದಿರಲಿಲ್ಲ.) ಎಣ್ಣೆ ಗಾಳಿಗೆ ಹಿಂದಕ್ಕೂ ತನ್ನ ಭಾರಕ್ಕೆ ಕೆಳಕ್ಕೂ ಹರಿಯುವುದರಿಂದ, ತೊಟ್ಟು ಬೀಳುವ ಜಾಗವಲ್ಲ, ಒದ್ದೆಯಾದ ಅತಿ ಮೇಲಿನ ಜಾಗವೇ ಮೂಲ. ಹತ್ತು ಮೈಲಿ ಓಡಿಸಿ ತಂದು ನೋಡಿದರೆ ಟ್ಯಾಪೆಟ್ ಕವರಿನ ಅಂಚು, ಪಕ್ಕದ ಮುಚ್ಚಳ, ಆಯಿಲ್ ಚೇಂಬರಿನ ಸುತ್ತು, ಹಿಂದಿನ ತೂತು, ಎಲ್ಲ ಕಡೆಯೂ ಪುಡಿ ನೆನೆದಿತ್ತು. ಒಂದೆಡೆ ಸೋರಿದರೆ ಪ್ಯಾಕಿಂಗನ್ನು ಶಂಕಿಸಬಹುದು. ನಾಲ್ಕೆಡೆ ಒಮ್ಮೆಗೇ ಒಸರಿದರೆ ಒಡಲನ್ನೇ ಶಂಕಿಸಬೇಕು. ಎಣ್ಣೆ ಹೊಯ್ಯುವ ಮುಚ್ಚಳವನ್ನು ತೆಗೆದು ಅಂಗೈ ಇಟ್ಟರೆ ಗಾಳಿ ದಬದಬನೆ ತಳ್ಳುತ್ತಿತ್ತು. ಬ್ರೀದರನ್ನು ಬಿಚ್ಚಿದಾಗ ಅದರೊಳಗಿನ ತಂತಿಬಲೆ ಹಳೆಯ ಜಿಡ್ಡಿನಿಂದ ಹೆಪ್ಪುಗಟ್ಟಿತ್ತು. ಒಳಗೆ ಎಲ್ಲವನ್ನೂ ಹೊಸದು ಮಾಡಿದವರು ಇದರ ಮೇಲೆ ಬಣ್ಣ ಬಳಿದು ಕೈತೊಳೆದುಕೊಂಡಿದ್ದರು!

ಬಲೆಯನ್ನು ತೊಳೆದ ಮೇಲೆ ಒಸರು ಅರ್ಧಕ್ಕಿಳಿಯಿತು; ಹೊಗೆ ಮಾತ್ರ ನಿಲ್ಲಲಿಲ್ಲ. ಆಗ ಪ್ಲಗ್ಗುಗಳನ್ನೆಲ್ಲ ಬಿಚ್ಚಿ ಕಂಪ್ರೆಷನ್ ಅಳೆದರು. ನಾಲ್ಕು ಸಿಲಿಂಡರುಗಳೂ ಬಹುಮಟ್ಟಿಗೆ ಸಮ, ಆದರೆ ನಾಲ್ಕೂ ಕಡಿಮೆ. ಒಂದೊಂದಕ್ಕೂ ಒಂದು ಚಮಚ ಎಣ್ಣೆ ಬಿಟ್ಟು ಅಳೆದಾಗ ಮುಳ್ಳು ಎಲ್ಲದರಲ್ಲಿಯೂ ಏರಿತು. ಏರದಿದ್ದರೆ ದೋಷ ವಾಲ್ವಿನದೋ ಹೆಡ್ ಗ್ಯಾಸ್ಕೆಟ್ಟಿನದೋ ಆಗಬಹುದಿತ್ತು, ಏರಿದ್ದರಿಂದ ರಿಂಗಿನದು. ಒಂದೇ ಸಿಲಿಂಡರು ಸೊರಗಿದ್ದರೆ ರಿಂಗು ಮುರಿದಿದೆಯೋ, ತಲೆಕೆಳಗಾಗಿ ಕೂತಿದೆಯೋ ಎಂದು ಎಂಜಿನ್ನನ್ನು ಇಳಿಸಲೇಬೇಕಿತ್ತು. ಇಲ್ಲಿ ನಾಲ್ಕೂ ಒಂದೇ ಬಗೆಯಾಗಿ ಸೊರಗಿದ್ದವು.

ಕಾರಣ ಗ್ಯಾರೇಜಿನವರ ಉಪದೇಶದಲ್ಲಿತ್ತು. ಹೊಸ ಎಂಜಿನ್ನು, ಮನೆಯ ಮುಂದೆ ಗಂಟೆಗಟ್ಟಲೆ ಸ್ಟಾರ್ಟ್ ಮಾಡಿಟ್ಟು ಪಳಗಿಸಿ ಎಂದಿದ್ದರಂತೆ. ರಿಂಗನ್ನು ಗೋಡೆಗೆ ಒತ್ತುವುದು ಅದರ ಬೆನ್ನ ಹಿಂದೆ ಸೇರುವ ಉರಿಯ ಒತ್ತಡವೇ. ನಿಂತಲ್ಲೇ ಗುಡುಗುಡಿಸುವ ಎಂಜಿನ್ನಿನಲ್ಲಿ ಆ ಒತ್ತಡ ಸಾಲದು. ಬೋರಿನ ಸಣ್ಣ ಗೆರೆಗಳಲ್ಲಿ ಎಣ್ಣೆ ಬೆಂದು, ಹೊಳಪಿನ ಪದರ ಕಟ್ಟಿ, ಉಜ್ಜಾಟ ನಡೆಯದಂತಾಗುತ್ತದೆ. ಪದರ ಗಟ್ಟಿಯಾಗಿದ್ದರೆ ಮತ್ತೆ ಹೋನ್ ಮಾಡಿಸದೆ ಗತ್ಯಂತರವಿಲ್ಲ. "ಮೊದ್ಲು ದುರ್ಗ ಹತ್ತಿಸಿ ನೋಡನ, ಆಮ್ಯಾಕೆ ಇಳಿಸೋ ಮಾತು" ಎಂದರು ಮೇಸ್ತ್ರಿ.

ದೇವರಾಯನದುರ್ಗದ ಬೆಟ್ಟದ ರಸ್ತೆಯಲ್ಲಿ ಅಣ್ಣ ಮೂರು ದಿನ ಬೆಳಗ್ಗೆ ಕಾರನ್ನು ಹತ್ತಿಸಿದ, ಇಳಿಸಿದ. ಏರಿನಲ್ಲಿ ಎಂಜಿನ್ನಿನಿಂದ ಬಲವಾದ ಎಳೆತ, ಆದರೆ ಮಿತಿಮೀರಿದ ವೇಗವಿಲ್ಲ. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದು ಗೇರಿನಲ್ಲೇ ಇಳಿಯುವುದು. ಸುಮಾರು 300 ಕಿಲೋಮೀಟರು ಕಳೆದ ಮೇಲೆ ಎಣ್ಣೆ ಬದಲಿಸಿ ಕಂಪ್ರೆಷನ್ ಅಳೆದಾಗ ಮುಳ್ಳು ಮೇಲಕ್ಕೆ ಬಂದಿತ್ತು. ಮುಚ್ಚಳದ ಬಳಿ ಇಟ್ಟ ಅಂಗೈಗೆ ಬಡಿಯುತ್ತಿದ್ದ ಗಾಳಿ ಬರಿಯ ಬಿಸುಪಾಗಿತ್ತು. ಎರಡು ಮದುವೆಗಳೂ ಅದೇ ಕಾರಿನಲ್ಲಿ ನಡೆದವು.

ಹಿಂದಿನ ತೂತಿನಿಂದ ರಾತ್ರಿಗೆ ಎರಡು ಮೂರು ತೊಟ್ಟು ಈಗಲೂ ಬೀಳುತ್ತದೆ. ಸುರುಳಿಗೀರಿನ ಸಂದು ಹೋಗುವಂಥದ್ದಲ್ಲ. ಕಾರು ಮೂತಿ ಎತ್ತಿ ನಿಂತರೆ ಇನ್ನೊಂದು ತೊಟ್ಟು ಹೆಚ್ಚು. ಆ ತೂತಿಗೊಂದು ಬೆಣೆ ಹೊಡೆದರಾಗದೇ ಎಂದು ಅಣ್ಣ ಕೇಳಿದ. ಮೇಸ್ತ್ರಿ ಬೇಡವೇ ಬೇಡ ಎಂದರು. ಮುಚ್ಚಿದರೆ ಎಣ್ಣೆ ಒಳಗೇ ನಿಂತು ಕ್ಲಚ್ಚಿನ ತಟ್ಟೆಗೆ ಹತ್ತುತ್ತದೆ. ಅಣ್ಣ ಈಗ ಅದರಡಿ ಹಳೆಯ ತಗಡಿನ ತಟ್ಟೆಯೊಂದನ್ನು ಇಟ್ಟಿದ್ದಾನೆ.