ಹಿತ್ತಿಲ ಗೊಬ್ಬರಕ್ಕೆ ಯಾವ ಸೊಪ್ಪು?

ಕಾಂಫ್ರಿ ಎಂಬ ಗಿಡದ ಕೀರ್ತಿ ಹೂದೋಟದ ಹವ್ಯಾಸವುಳ್ಳ ನಮ್ಮ ಗೃಹಸ್ಥರ ಕಿವಿಯನ್ನೂ ಮುಟ್ಟಿದೆ. ಯುರೋಪಿನ ಹೊಳೆದಂಡೆಗಳಲ್ಲಿ ಸಹಜವಾಗಿ ಬೆಳೆಯುವ, ಒರಟು ರೋಮದ ಅಗಲವಾದ ಎಲೆಗಳ ಸಸ್ಯವಿದು. ಇಂಗ್ಲೆಂಡಿನ ಲಾರೆನ್ಸ್ ಹಿಲ್ಸ್ ಎಂಬವರು ಇದರ ಮೇಲಿನ ಮೋಹದಿಂದ ಒಂದು ಸಂಶೋಧನಾ ಸಂಘವನ್ನೇ ಕಟ್ಟಿ, ಹಿಂದಿನ ಶತಮಾನದಲ್ಲಿ ರಷ್ಯಾದಿಂದ ಈ ಗಿಡವನ್ನು ತರಿಸಿದ್ದ ಹೆನ್ರಿ ಡಬಲ್‌ಡೇಯ ಹೆಸರನ್ನು ಅದಕ್ಕಿಟ್ಟರು. ಎಲೆಯಲ್ಲಿ ಪೊಟ್ಯಾಷಿನ ಅಂಶ ಹೇರಳ, ನಾರು ಅಲ್ಪ. ನೀರಿನಲ್ಲಿ ಬೇಗ ಕೊಳೆತು ದ್ರವಗೊಬ್ಬರವಾಗುತ್ತದೆ. ಯಕೃತ್ತಿಗೆ ಹಾನಿಕರವಾದ ವಸ್ತುಗಳು ಇದರಲ್ಲಿರುವುದರಿಂದ, ಔಷಧವೆಂದು ಯಾರೇ ಹೇಳಿದರೂ ಹೊಟ್ಟೆಗೆ ತೆಗೆದುಕೊಳ್ಳಕೂಡದು.

ಆದರೆ ಸಿರುಗುಪ್ಪದ ಹಿತ್ತಿಲಲ್ಲಿ ಇದು ಬಾಳೀತೇ? ತುಂಗಭದ್ರೆಯ ದಡದ ಈ ಊರಿನಲ್ಲಿ ಬೇಸಗೆಯ ಬಿಸಿಲು ನಲವತ್ತು ಡಿಗ್ರಿಯನ್ನು ದಾಟುವುದುಂಟು. ಎರೆಭೂಮಿ ಆಗ ಬಾಯಿಬಿಡುತ್ತದೆ. ಮಳೆ ಬಿದ್ದೊಡನೆ ಅಂಟಾಗಿ ನೀರನ್ನು ಹಿಡಿದು ನಿಲ್ಲಿಸುತ್ತದೆ. ತಂಪನ್ನೂ ನಿರಂತರ ತೇವವನ್ನೂ ಬಯಸುವ ಗಿಡಕ್ಕೆ ಈ ಎರಡೂ ಶತ್ರುಗಳೇ. ನೆರಳಿನಲ್ಲಿ, ದೊಡ್ಡ ಕುಂಡದಲ್ಲಿ, ದಿನವೂ ನೀರೆರೆದು ಒಂದೆರಡನ್ನು ಉಳಿಸಿಕೊಳ್ಳಬಹುದು. ಆದರೆ ಗೊಬ್ಬರಕ್ಕಾಗಿ ಕುಡಿಯುವ ನೀರನ್ನು ವ್ಯಯಿಸುವುದು ನನಗಂತೂ ವಿವೇಕವೆನಿಸದು.

ಈ ಸೀಮೆಯ ಮಣ್ಣಿಗೆ ಇನ್ನೊಂದು ಕಂಟಕವಿದೆ. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ಕಾಲುವೆಗಳಿಗೆ ನೀರು ಹರಿಯತೊಡಗಿದ ಮೇಲೆ ಬತ್ತ ಸಮೃದ್ಧವಾಯಿತೆಂಬುದು ನಿಜ. ಆದರೆ ಬಸಿಯದೆ ನಿಂತ ನೀರು ಒಳಗಿನ ಲವಣವನ್ನು ಮೇಲಕ್ಕೆಳೆದು, ಎಷ್ಟೋ ಹೊಲಗಳಲ್ಲಿ ಬಿಳಿಯ ಪೊರೆಯನ್ನು ಬಿಟ್ಟಿತು. ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರವಿದ್ದು, ಈಗ ಅದು ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ಚೌಳು ಬಡಿದ ನೆಲಕ್ಕೆ ಬಸಿಗಾಲುವೆ ಮತ್ತು ಜಿಪ್ಸಮ್ಮಿನ ಜೊತೆಗೆ ಹಸಿರೆಲೆ ಗೊಬ್ಬರವೂ ಬೇಕು. ಚೌಳನ್ನೂ ನಿಂತ ನೀರನ್ನೂ ತಾಳಬಲ್ಲ ಡಯಾಂಚವನ್ನು ಬತ್ತಕ್ಕೆ ಮೊದಲು ಬಿತ್ತಿ, ಸುಮಾರು ನಲವತ್ತೈದು ದಿನಕ್ಕೆ ಮಣ್ಣಿನಲ್ಲಿ ಉತ್ತು ಸೇರಿಸುವುದು ರೂಢಿ. ಹಿತ್ತಿಲಿನ ಖಾಲಿ ಮಡಿಗೂ ಒಂದು ಹಿಡಿ ಬೀಜ ಎರಚಬಹುದು.

ದ್ರವಗೊಬ್ಬರಕ್ಕಂತೂ ದೂರ ಹೋಗಬೇಕಿಲ್ಲ. ರಸ್ತೆಯಂಚಿನ ಎಕ್ಕ, ಹೊಂಗೆ, ಬೇಲಿಯ ಗೊಬ್ಬರದ ಗಿಡ ಸಾಕು. ಮಧ್ಯ ಅಮೆರಿಕದಿಂದ ಬಂದ ಈ ಕೊನೆಯದಕ್ಕೆ ಗ್ಲಿರಿಸಿಡಿಯ ಎಂಬ ಹೆಸರು ಬಂದದ್ದು ಇಲಿಗಳನ್ನು ಕೊಲ್ಲುತ್ತದೆಂಬ ಕಾರಣಕ್ಕೆ; ಬೀಜ, ತೊಗಟೆ ಮಕ್ಕಳ ಕೈಗೆ ಸಿಕ್ಕದಿರಲಿ. ಎಕ್ಕದ ಹಾಲು ಕಣ್ಣಿಗೆ ತಾಕದಂತೆಯೂ ಎಚ್ಚರವಿರಬೇಕು. ಒಂದು ಕಿಲೋ ಸೊಪ್ಪನ್ನು ಕೊಚ್ಚಿ, ಗೋಣಿಯ ತುಂಡಿನಲ್ಲಿ ಕಟ್ಟಿ, ಹತ್ತು ಲೀಟರ್ ನೀರಿನಲ್ಲಿ ಮುಳುಗಿಸಿ ಭಾರವಿಡಿ. ಶೀತದೇಶದಲ್ಲಿ ತಿಂಗಳು ಹಿಡಿಯುವ ಕೆಲಸ ನಮ್ಮ ಸೆಖೆಯಲ್ಲಿ ಎರಡು ವಾರಕ್ಕೇ ಮುಗಿದೀತು. ಸೊಳ್ಳೆ ಮೊಟ್ಟೆಯಿಡದಂತೆ ಪಾತ್ರೆಯ ಬಾಯನ್ನು ಬಟ್ಟೆಯಿಂದ ಬಿಗಿಯಿರಿ. ವಾಸನೆ ಅಸಹ್ಯವೇ ಸರಿ. ನೆರೆಯವರ ಅಡಿಗೆಮನೆಯ ಕಿಟಕಿಗೆ ಎದುರಾಗಿ ಇಡದಿದ್ದರಾಯಿತು! ಸೋಸಿದ ಕಷಾಯಕ್ಕೆ ಹತ್ತರಷ್ಟು ನೀರು ಬೆರೆಸಿ, ಸಂಜೆಯ ತಂಪಿನಲ್ಲಿ, ಒದ್ದೆ ಮಣ್ಣಿನ ಬುಡಕ್ಕೆ ಮಾತ್ರ ಹಾಕಬೇಕು. ಉಳಿದ ಗಷ್ಟನ್ನು ತಿಪ್ಪೆಗೆ ಸೇರಿಸಿರಿ.

ಗೊಬ್ಬರದ ಗಿಡವನ್ನು ಮುಂಗಾರಿನ ಆರಂಭದಲ್ಲಿ ಮೂರು ನಾಲ್ಕು ಅಡಿಯ ಕೊಂಬೆಯಿಂದ ನೆಡುವುದು ಸುಲಭ. ಚಳಿಗಾಲ ಕಳೆಯುವ ಹೊತ್ತಿಗೆ ಅದು ಎಲೆಯುದುರಿಸಿ ನಸುಗೆಂಪು ಹೂ ತಳೆಯುತ್ತದೆ. ಸೊಪ್ಪನ್ನು ಅದಕ್ಕೆ ಮುಂಚೆಯೇ ಕೊಯ್ದುಕೊಳ್ಳತಕ್ಕದ್ದು.